ಗಂಗವ್ವನ ಮಡುವಿಗೆ ಬಲೆ

ಹಿರೇಮಡು, ತಾ. ಅಫಜಲಪುರ
೧೨ ನವೆಂಬರ್ ೧೯೮೯

ಶಾರದಾ,

ನಿನ್ನ ಮದುವೆಯಲ್ಲಿ ನನ್ನ ಪಕ್ಕ ಬಂದು ಕೂತು, 'ನಮ್ಮವರದು ನೀರಾವರಿ ಖಾತೆ. ಯಾವ ಊರಿಗೆ ಒಗೀತಾರೋ ಏನೋ' ಎಂದು ಮುಖ ಸಣ್ಣ ಮಾಡಿಕೊಂಡಿದ್ದೆಯಲ್ಲ, ಎಲ್ಲಿಗೆ ಒಗೆದಿದ್ದಾರೆ ಗೊತ್ತೇನು? ನಮ್ಮೂರಿಗೇ!

ನಿನ್ನೆ ಮಧ್ಯಾಹ್ನ ಶಾಲೆಯ ಮುಂದೆ ಜೀಪು ನಿಂತಿತು. ನೀರು ಕೇಳಲು ಇಳಿದವರನ್ನು ನೋಡಿದರೆ ಜಗದೇವಪ್ಪನವರು. ಬಾಸಿಂಗದ ಕೆಳಗೆ ಒಮ್ಮೆ ಕಂಡ ಮುಖ, ನನಗೆ ಗುರುತು ಹತ್ತಲಿಲ್ಲ. ಅವರೇ ಗುರುತು ಹಿಡಿದು, 'ನಮ್ಮ ಶಾರದಾನ ಗೆಳತಿ ಸಾಬವ್ವ ಅಲ್ರೀ ನೀವು? ಟ್ರೇನಿಂಗ್ ಕಾಲೇಜಿನಾಗ ಒಂದ ಖೋಲಿಯಾಗ ಇದ್ದೀರಂತಲ್ಲ' ಎಂದರು. ಹುಡುಗರ ಮುಂದೆ ನನಗೆ ಎಷ್ಟು ಹೆಮ್ಮೆಯಾಯಿತು!

ಅವರು ಹೋದ ಮೇಲೆ ತಿಳಿಯಿತು, ಭೀಮೆಗೆ ಅಡ್ಡವಾಗಿ ಇಲ್ಲಿ ಬ್ಯಾರೇಜು ಕಟ್ಟುತ್ತಾರೆಂದು. ಕಟ್ಟಲಿ. ಹೊಳೆಯ ಮೇಲಿನ ಹೊಲಗಳು ನೀರಿಲ್ಲದೆ ಬಿರುಕು ಬಿಟ್ಟಿದ್ದನ್ನು ನಾನೂ ನೋಡಿದವಳೇ. ಆದರೆ ಅವರು ಕೆಂಪು ಬಣ್ಣ ಬಳಿದ ಕಲ್ಲುಗಳನ್ನು ನೆಟ್ಟಿರುವುದು ಗಂಗವ್ವನ ಮಡುವಿನ ದಂಡೆಯಲ್ಲಿ. ಹಾಸ್ಟೆಲ್ಲಿನಲ್ಲಿ ನಿನಗೆ ಆ ಮಡುವಿನ ಕಥೆ ಹೇಳಿ ಹೇಳಿ ಬೇಸರ ತರಿಸುತ್ತಿದ್ದೆ. ಊರ ಕೆಳಗೆ ಹೊಳೆ ತಿರುಗುವಲ್ಲಿ, ಕರಿಬಂಡೆಗಳ ನಡುವೆ, ಬೇಸಿಗೆಯಲ್ಲೂ ಬತ್ತದ ನೀರು. ಹಿತ್ತಾಳೆ ಬಣ್ಣದ ಅಗಲ ಹುರುಪೆಯ ದೊಡ್ಡ ಮೀನುಗಳು ಆ ನೀರಿನಲ್ಲಿ ಮಾತ್ರ ಇವೆ. ನಮ್ಮ ಕೋಲಿ ಮಂದಿ ಹೊಳೆಯ ಉದ್ದಕ್ಕೂ ಬಲೆ ಹಾಕುತ್ತಾರೆ, ಆ ಮಡುವಿಗೆ ಹಾಕುವುದಿಲ್ಲ. ಗಂಗವ್ವನ ಪೂಜೆ ನಮ್ಮ ಅಪ್ಪ ಚಂದ್ರಾಮನದು. ಅವನು ಅದನ್ನು ಗಂಗವ್ವನ ಬಾಣಂತಿ ಖೋಲಿ ಎನ್ನುತ್ತಾನೆ. ಮಳೆ ಬಿದ್ದಾಗ ಮರಿಗಳು ಅಲ್ಲಿಂದ ಹೊರಟು ಹೊಳೆಗೆಲ್ಲ ಹರಡುತ್ತವೆ. ನಾವು ವರ್ಷವಿಡೀ ಹಿಡಿಯುವುದು ಅವನ್ನೇ.

ಗೋಡೆಯನ್ನು ಸ್ವಲ್ಪ ಕೆಳಗೆ ಸರಿಸಲು ಬರುತ್ತದೆಯೇ ಎಂದು ಮನೆಯವರನ್ನು ಕೇಳಿ ನೋಡು. ಎಂಜಿನಿಯರು ನಮ್ಮವರೇ ಆದರೆಂದು ಅಪ್ಪನಿಗೆ ಹೇಳಿದಾಗ ಗಂಗವ್ವನಿಗೆ ಕಾಯಿ ಒಡೆದ.

ನಿನ್ನ
ಸಾಬಿ

---

ಮಾದನಹಿಪ್ಪರಗಾ, ತಾ. ಆಳಂದ
೩ ಡಿಸೆಂಬರ್ ೧೯೮೯

ನನ್ನ ಸಾಬಿ,

ನಿನ್ನ ಕಾಗದ ಬಂದ ದಿನವೇ ಬರೆಯಬೇಕೆಂದಿದ್ದೆ. ಆ ವಾರ ಕೈಗೆ ಪೆನ್ನು ಹಿಡಿಯುವ ಮನಸ್ಸಾಗಲಿಲ್ಲ. ನನ್ನ ತರಗತಿಯ ಒಂದು ಹುಡುಗಿ ಬಾವಿಗೆ ಬಿದ್ದು ಸತ್ತಳು. ಇಲ್ಲಿ ಬಾವಿಯ ತಳದಲ್ಲಿ ಜಿನುಗುವ ನೀರನ್ನು ಬಟ್ಟಲಿನಿಂದ ಗೋರಿ ಕೊಡ ತುಂಬಬೇಕು. ದೊಡ್ಡವರು ಇಳಿದರೆ ಮಣ್ಣು ಕುಸಿಯುತ್ತದೆಂದು ಮಕ್ಕಳನ್ನು ಹಗ್ಗ ಕಟ್ಟಿ ಇಳಿಸುತ್ತಾರೆ. ಹಗ್ಗ ಹರಿಯಿತು. ಅವಳ ತಾಯಿ ಹುಡುಗಿಯ ಹೆಣಕ್ಕಿಂತ ಮೊದಲು ಕೊಡ ಮೇಲೆ ಬಂತೇನೆಂದು ಕೇಳಿದಳು. ನಾನು ಅಲ್ಲೇ ನಿಂತಿದ್ದೆ, ಸಾಬಿ. ಇದನ್ನು ಕೇಳಿದ ಕಿವಿಯಿಂದ ಇನ್ನೇನು ಕೇಳಲಿ?

ನಿಮ್ಮ ಬ್ಯಾರೇಜಿನ ನೀರು ಈ ಊರಿಗೆ ಬರುವುದಿಲ್ಲ, ಗೊತ್ತಿದೆ. ಜೇವರ್ಗಿ ಕಡೆಯ ನನ್ನ ತವರಿಗೆ ಬರುತ್ತದೆ. ಅಣ್ಣ ದೌಲತರಾಯ ಈಗಲೇ ಕಬ್ಬಿನ ಕನಸು ಕಾಣುತ್ತಿದ್ದಾನೆ. ಎಲ್ಲಿ ಬಂದರೂ ನೀರು ನೀರೇ ಅಲ್ಲವೇ?

ಇವರನ್ನು ಕೇಳಿದೆ. ಜಾಗ ಗೊತ್ತುಮಾಡುವುದು ಮೇಲಿನವರು, ಅದನ್ನು ಸರಿಸುವುದು ನನ್ನ ಕೈಯಲ್ಲಿಲ್ಲ ಎಂದರು. ಬಂಡೆ ಗಟ್ಟಿ ಇದ್ದಲ್ಲಿಯೇ ಗೋಡೆ ನಿಲ್ಲುವುದಂತೆ. ಆದರೂ ನಿಮ್ಮ ಮಂದಿಯ ಹಿತವನ್ನು ತಾವು ನೋಡಿಕೊಳ್ಳುವುದಾಗಿ ಹೇಳಿದ್ದಾರೆ. ನೀನು ಚಿಂತೆ ಮಾಡಬೇಡ. ಅಪ್ಪನಿಗೆ ನನ್ನ ಶರಣು ಹೇಳು.

ನಿನ್ನವಳೇ ಆದ
ಶಾರದಾ

---

ಹಿರೇಮಡು
೨೦ ಮಾರ್ಚ್ ೧೯೯೦

ಶಾರದಾ,

ಆ ಹುಡುಗಿಯ ಸುದ್ದಿ ಓದಿ ನನಗೂ ಅನ್ನ ಸೇರಲಿಲ್ಲ. ನಮ್ಮ ಮಂದಿಗೆ ಅದನ್ನು ಓದಿ ಹೇಳಿದೆ. ಕುಲದ ಹಿರಿಯ ದೇವೀಂದ್ರಪ್ಪ ಕಾಕಾ, 'ನೀರ ಬ್ಯಾಡ ಅಂತ ನಾವ್ ಯಾವತ್ತ ಅಂದೀವಿ, ಬೇ? ನಮ್ಮನ್ನ ಮುಳುಗಿಸಿ ಒಯ್ಯಬ್ಯಾಡ್ರಿ ಅಂತೀವಿ ಅಷ್ಟ' ಎಂದ.

ಅಳತೆಗೆ ಬಂದವರು ಹೊಲ ಮುಳುಗುವವರ ಹೆಸರುಗಳನ್ನೆಲ್ಲ ಬರೆದುಕೊಂಡರು. ಹೊಳೆದಂಡೆಯ ನಮ್ಮ ಕೇರಿಯವರ ಹೆಸರು ಬರೆಯಲಿಲ್ಲ. ಅದು ಸರ್ಕಾರಿ ಜಾಗ, ನೀವು ಅತಿಕ್ರಮಣ ಮಾಡಿದವರು ಎಂದರು. ನನ್ನ ಮುತ್ತಜ್ಜ ಹುಟ್ಟಿದ ಕೇರಿ ಅದು.

ನಾವು ಅರ್ಜಿ ಹಾಕಿದ್ದೇವೆ. ನಾವು ಟೋಕರೆ ಕೋಲಿಗಳು, ಪರಿಶಿಷ್ಟ ಪಂಗಡದವರು. ನನಗೆ ಈ ಮಾಸ್ತರಿಕೆ ಸಿಕ್ಕಿದ್ದು ಆ ಪ್ರಮಾಣಪತ್ರದಿಂದಲೇ. ಈ ಹೊಳೆಯ ಮೇಲೆ ನಮಗೆ ತಲೆಮಾರುಗಳ ಹಕ್ಕಿದೆ, ಅದನ್ನು ತೀರ್ಮಾನಿಸದೆ ಕೆಲಸ ನಡೆಸಬೇಡಿ ಎಂದು ಕೇಳಿದ್ದೇವೆ. ಅಷ್ಟರಲ್ಲಿ ಕಾಲೇಜಿನ ಪ್ರೊಫೆಸರರೊಬ್ಬರು ಬಂದು ಮಡುವಿನ ಮೀನುಗಳನ್ನು ನೋಡಿ ಹೋದರು. ಇವು ಅಳಿದುಹೋಗುತ್ತಿರುವ ಜಾತಿ, ಭೀಮೆಯಲ್ಲಿ ಬೇರೆಲ್ಲೂ ತಮಗೆ ಕಂಡಿಲ್ಲ ಎಂದು ಸರ್ಕಾರಕ್ಕೆ ಬರೆದಿದ್ದಾರೆ. ಮೀನಿಗೂ ನಮಗೂ ಸೇರಿ ಒಂದೇ ವಿಚಾರಣೆ ನಡೆಯುತ್ತದಂತೆ. ಮೇ ತಿಂಗಳಲ್ಲಿ ಅಸಿಸ್ಟಂಟ್ ಕಮಿಷನರರು ನಮ್ಮ ಶಾಲೆಗೇ ಬರುತ್ತಾರೆ.

ಅವರ ಮುಂದೆ ಏನು ಮಾತಾಡಬೇಕು, ಹೇಗೆ ಮಾತಾಡಬೇಕು, ನಮಗೆ ಗೊತ್ತಿಲ್ಲ. ಮನೆಯವರನ್ನು ಕೇಳಿ ಬರೆ. ಕಚೇರಿಯವರ ಕಿವಿಗೆ ಹೋಗುವ ಮಾತು ಕಚೇರಿಯವರಿಗೇ ಗೊತ್ತಿರುತ್ತದೆ.

ನಿನ್ನ
ಸಾಬಿ

---

ಮಾದನಹಿಪ್ಪರಗಾ
೧೪ ಏಪ್ರಿಲ್ ೧೯೯೦

ಸಾಬಿ,

ಇವರು ಯುಗಾದಿಗೆ ಬಂದಿದ್ದಾಗ ನಿನ್ನ ಕಾಗದ ತೋರಿಸಿದೆ. ಬಹಳ ಹೊತ್ತು ಓದಿದರು. ಆಮೇಲೆ ಹೇಳಿದರು: 'ನಿನ್ನ ಗೆಳತಿಗೆ ಬರಿ. ಹಕ್ಕು, ಕಾಯ್ದೆ ಅಂತ ಜಗಳ ತಗೀಬ್ಯಾಡ್ರಿ. ಆ ಮಡುವಿನಾಗ ನಾವು ಬಲೆ ಹಾಕಂಗಿಲ್ಲ, ದೇವರಂತ ಕಾಯ್ದೀವಿ ಅಂತ, ಅದೊಂದ ಮಾತು ಗಟ್ಟಿಯಾಗಿ ಹೇಳ್ರಿ. ಎಲ್ಲಾರೂ ಹೇಳ್ರಿ. ಸಾಹೇಬ್ರು ಅದನ್ನ ಬರಕೋತಾರ.'

ನನಗೂ ಅದೇ ಸರಿ ಎನಿಸುತ್ತದೆ. ತಿನ್ನುವವರೇ ತಿನ್ನದೆ ಉಳಿಸಿದ ಮೀನು ಎಂದರೆ ಯಾರ ಮನಸ್ಸು ಕರಗುವುದಿಲ್ಲ? ಅಪ್ಪನೇ ಎದ್ದು ನಿಂತು ಹೇಳಲಿ. ನೀನು ಪಕ್ಕದಲ್ಲಿ ನಿಂತುಕೋ.

ಇನ್ನೊಂದು ಸುದ್ದಿ. ನನಗೆ ಮೂರನೆಯ ತಿಂಗಳು. ಇವರಿಗೆ ಕಾಲೋನಿಯಲ್ಲಿ ಮನೆ ಸಿಕ್ಕಮೇಲೆ ನಾನು ರಜೆ ಹಾಕಿ ಅಲ್ಲಿಗೇ ಬರುತ್ತೇನೆ. ನಿನ್ನ ಊರಿನಲ್ಲೇ ನನ್ನ ಮಗು ಆಡುತ್ತದೆ.

ನಿನ್ನ
ಶಾರದಾ

---

ಹಿರೇಮಡು
೨೧ ಮೇ ೧೯೯೦

ಶಾರದಾ, ಬಂಗಾರ,

ಮೊದಲು ನಿನ್ನ ಸಿಹಿ ಸುದ್ದಿಗೆ ನನ್ನದೊಂದು ಮುತ್ತು. ಅವ್ವ ಈಗಲೇ ಕೂಸಿನ ತಲೆಗೆ ಕುಲಾಯಿ ಹೊಲಿಯಲು ಹಳೇ ಸೀರೆ ಹುಡುಕುತ್ತಿದ್ದಾಳೆ.

ವಿಚಾರಣೆ ಮುಗಿಯಿತು. ಶಾಲೆಯ ಅಂಗಳ ತುಂಬಿತ್ತು. ಒಂದು ಕಡೆ ನಮ್ಮ ಮಂದಿ, ಇನ್ನೊಂದು ಕಡೆ ಹೊಲದವರು. ನಿನ್ನ ಅಣ್ಣ ದೌಲತರಾಯನೂ ಟ್ರ್ಯಾಕ್ಟರಿನಲ್ಲಿ ಮಂದಿ ತುಂಬಿಕೊಂಡು ಬಂದಿದ್ದ. 'ಸಾಹೇಬ್ರ, ನಿಮಗ ಮೀನ ಬೇಕೋ ಮನಷ್ಯಾರು ಬೇಕೋ, ಇವತ್ತ ಹೇಳಿಬಿಡ್ರಿ' ಎಂದು ಕೂಗಿದ. ದೇವೀಂದ್ರಪ್ಪ ಕಾಕಾ, 'ನಾವೂ ಮನಷ್ಯಾರ ಅದೀವೋ, ಗೌಡಾ' ಎಂದ. ಮಂದಿ ನಕ್ಕರು. ದೌಲತರಾಯ ನನ್ನ ಗುರುತು ಹಿಡಿಯಲಿಲ್ಲ, ಅಥವಾ ಹಿಡಿದೂ ಸುಮ್ಮನಿದ್ದನೋ.

ಅಪ್ಪ ಬಿಳಿ ರುಮಾಲು ಸುತ್ತಿಕೊಂಡು ನಿಂತ. ಸಾಹೇಬರು ಕೇಳಿದರು, 'ಈ ಮಡುವಿನಾಗ ನೀವು ಮೀನ ಹಿಡೀತೀರೇನು?'

'ಶಿವ ಶಿವಾ, ಇಲ್ರೀ. ನಮ್ಮ ಮುತ್ಯಾನ ಕಾಲದಾಗೂ ಹಿಡಿದಿಲ್ರಿ.'

'ಬ್ಯಾರೇ ಕೋಲಿ ಮಂದಿ ಹಿಡೀತಿರಬೇಕಲ್ಲ?'

'ಯಾರೂ ಹಿಡಿಯಂಗಿಲ್ರಿ, ನನ್ನಪ್ಪಾ. ಹಿಡಿದಾಂವ ಕುಲದಾಗ ಇರಂಗಿಲ್ರಿ. ಅಂವಗ ಬೆಂಕಿ ಇಲ್ಲ, ನೀರಿಲ್ಲ, ಸತ್ತರ ಹೊರವರಿಲ್ಲ.'

ಒಬ್ಬೊಬ್ಬರನ್ನೇ ಕರೆದು ಕೇಳಿದರು. ಎಲ್ಲರೂ ಅದನ್ನೇ ಹೇಳಿದರು. ಗುಮಾಸ್ತ ಎಲ್ಲವನ್ನೂ ಬರೆದುಕೊಂಡ. ಆ ಮಡು ಉಳಿದರೆ ಮಾತ್ರ ಮಿಕ್ಕ ಹೊಳೆಯಲ್ಲಿ ನಮಗೆ ಮೀನು ಎಂಬುದನ್ನು ನಾನು ಎದ್ದು ಹೇಳಿದೆ. ಗುಮಾಸ್ತ ಆಗ ಪೆನ್ನಿಗೆ ಶಾಯಿ ತುಂಬುತ್ತಿದ್ದ. ಸಾಹೇಬರು, 'ಗೊತ್ತಾತು ಕೂಡ್ರಿ, ಟೀಚರ್' ಎಂದರು. ಹೋಗುವಾಗ ಅಪ್ಪನ ಹೆಗಲ ಮೇಲೆ ಕೈಯಿಟ್ಟು, 'ಭಾಳ ಚೊಲೋ ಮಾತ ಹೇಳಿದಿ, ಯಜಮಾನಾ' ಎಂದರು.

ಅಪ್ಪ ಆ ಹೆಗಲನ್ನು ಎಲ್ಲರಿಗೂ ತೋರಿಸುತ್ತ ತಿರುಗುತ್ತಿದ್ದಾನೆ. ನಿನಗೂ ಜಗದೇವಪ್ಪನವರಿಗೂ ಹೇಗೆ ಋಣ ತೀರಿಸಲಿ?

ಸಾಬಿ

---

ಹಿರೇಮಡು
೨೯ ಆಗಸ್ಟ್ ೧೯೯೦

ಶಾರದಾ,

ಎರಡು ಕಾಗದ ಬರೆದೆ, ಉತ್ತರವಿಲ್ಲ. ಕಾಲೋನಿಗೆ ಬಂದಿದ್ದೀಯೆಂದು ಕೇಳಿ ಗೇಟಿನವರೆಗೆ ಬಂದೆ. ಬಾಯಿಯವರು ಮಲಗಿದ್ದಾರೆಂದು ಕಾವಲುಗಾರ ತಿರುಗಿ ಕಳಿಸಿದ. ಆದ್ದರಿಂದ ಹೊಳೆಯ ಆಚೆ ಕಡೆಯಿರುವ ನಿನಗೆ ಟಪಾಲಿನಲ್ಲಿ ಬರೆಯುತ್ತಿದ್ದೇನೆ.

ಆದೇಶ ಬಂದಿದೆ. ಅದರ ಮಾತುಗಳನ್ನೇ ಬರೆಯುತ್ತೇನೆ: 'ಸದರಿ ಮಡುವಿನಲ್ಲಿ ಮೀನುಗಾರಿಕೆ ನಡೆಸುವುದಿಲ್ಲವೆಂದು ಅರ್ಜಿದಾರರೆಲ್ಲರೂ ಒಪ್ಪಿಕೊಂಡಿರುವುದರಿಂದ, ಕಾಮಗಾರಿಯಿಂದ ಅವರ ಜೀವನೋಪಾಯಕ್ಕೆ ಧಕ್ಕೆಯಾಗುವ ಪ್ರಶ್ನೆ ಉದ್ಭವಿಸುವುದಿಲ್ಲ.'

ಅಷ್ಟಕ್ಕೇ ನಿಲ್ಲಲಿಲ್ಲ. ಮೀನು ಅಳಿಯುತ್ತಿರುವ ಜಾತಿಯಾದ್ದರಿಂದ ಮಡುವಿನ ಮೇಲೂ ಕೆಳಗೂ ಯಾರೂ ಬಲೆ ಬೀಸಕೂಡದಂತೆ. ಗೋಡೆಯ ಕೆಲಸಕ್ಕೆ ಅಡ್ಡಿಯಿಲ್ಲ. ಮಡುವನ್ನು ಬರಿದು ಮಾಡುವ ಮುಂಚೆ ಮೀನುಗಳನ್ನು ಸರ್ಕಾರಿ ಕೆರೆಗೆ ಸಾಗಿಸುತ್ತಾರೆ. ಹೊಳೆಯನ್ನು ನೆಚ್ಚಿ ಬದುಕಿದವರೆಂಬುದಕ್ಕೆ ಪುರಾವೆ ಇಲ್ಲದಿರುವುದರಿಂದ ನಾವು ಬುಡಕಟ್ಟಿನವರು ಹೌದೋ ಅಲ್ಲವೋ ಎಂದು ನಮ್ಮ ಪ್ರಮಾಣಪತ್ರಗಳನ್ನೂ ಮತ್ತೆ ಪರಿಶೀಲಿಸುತ್ತಾರೆ.

ನಿನ್ನೆ ಪೊಲೀಸರು ದೇವೀಂದ್ರಪ್ಪ ಕಾಕಾನ ಬಲೆಯನ್ನು ದಂಡೆಯ ಮೇಲೆ ಸುಟ್ಟರು. 'ಮೀನ ಉಳಸೂದು ನಿಮ್ಮ ಧರ್ಮ ಅಂದಿರಲ್ಲಲೇ, ಉಳಸ್ರಿ' ಎಂದು ಫೌಜುದಾರ ನಕ್ಕ.

ಒಂದೇ ಪ್ರಶ್ನೆ ಕೇಳುತ್ತೇನೆ. ಆ ಮಾತು ಹೇಳಿರೆಂದು ಜಗದೇವಪ್ಪನವರು ನಮಗೆ ಹೇಳಿ ಕಳಿಸಿದರಲ್ಲ, ಅದು ಹೀಗೆ ತಿರುಗುತ್ತದೆಂದು ಅವರಿಗೆ ಆಗಲೇ ಗೊತ್ತಿತ್ತೇ? ನಿನಗೆ ಗೊತ್ತಿತ್ತೇ?

ಸಾಬವ್ವ

---

ಬ್ಯಾರೇಜ್ ಕಾಲೋನಿ
೧೮ ಫೆಬ್ರವರಿ ೧೯೯೧

ಪ್ರೀತಿಯ ಸಾಬಿ,

ಇಷ್ಟು ದಿನ ಬರೆಯದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಗಂಡುಮಗು. ಹೆರಿಗೆ ಕಷ್ಟದ್ದಾಯಿತು, ಗುಲಬರ್ಗಾದ ದವಾಖಾನೆಯಲ್ಲೇ ಬಹಳ ದಿನ ಇರಬೇಕಾಯಿತು. ಹಾಲು ಸಾಲುತ್ತಿಲ್ಲ. ಇಲ್ಲಿ ಧೂಳು, ಮಷಿನುಗಳ ಸಪ್ಪಳ. ಮಗು ಬೆಚ್ಚಿ ಬೀಳುತ್ತದೆ.

ಒಂದು ಕೆಲಸಕ್ಕಾಗಿ ಬರೆಯುತ್ತಿದ್ದೇನೆ. ಬೇಸಿಗೆಯಲ್ಲಿ ಮಡುವಿನ ನೀರನ್ನು ಪಂಪಿನಿಂದ ಹೊರಹಾಕುತ್ತಾರೆ. ಅದಕ್ಕೆ ಮೊದಲು ಮೀನುಗಳನ್ನು ಜೀವಂತ ಹಿಡಿಯಬೇಕು. ಗುತ್ತಿಗೆದಾರನ ಆಳುಗಳಿಗೆ ಅದು ಬರುವುದಿಲ್ಲ. ಬಲೆ ಹಾಕಲು ನಿಮ್ಮ ಅಪ್ಪನೇ ಬರಲಿ ಎಂದು ಇವರ ಇಚ್ಛೆ. ಬರದಿದ್ದರೆ ಗುತ್ತಿಗೆದಾರ ಸಿಡಿಮದ್ದಿನ ತೋಟಾ ಹಾಕಿ ಮಡುವನ್ನು ಸ್ವಚ್ಛ ಮಾಡಿಬಿಡುತ್ತಾನೆ, ಅವನಿಗೆ ಕೆಲಸ ಮುಗಿದರೆ ಸಾಕು. ಇವರು ಎಷ್ಟು ದಿನ ತಡೆದಾರು? ಮೀನು ಸಾಗಿಸಲು ನೀರಿನ ಟ್ಯಾಂಕರು ಕೊಡುತ್ತೇವೆಂದು ಇವರು ಮಾತು ಕೊಟ್ಟಿದ್ದಾರೆ.

ನಿಮ್ಮ ಕುಲದವರು ತಪ್ಪು ತಿಳಿಯಬಹುದು. ಆದರೆ ಜೀವ ಉಳಿಸುವ ಕೆಲಸಕ್ಕೆ ಯಾವ ದೇವರು ಸಿಟ್ಟಾದಾನು? ಅಪ್ಪನಿಗೆ ನೀನೇ ತಿಳಿಸಿ ಹೇಳು. ನಿನ್ನ ಮಾತು ಅವರು ಮೀರುವುದಿಲ್ಲ.

ಬೇರೆ ವಿಷಯಗಳನ್ನು ಎದುರಿಗೆ ಸಿಕ್ಕಾಗ ಮಾತಾಡೋಣ.

ಶಾರದಾ

---

ಹಿರೇಮಡು
೩೦ ಏಪ್ರಿಲ್ ೧೯೯೧

ಶಾರದಾ,

ನಾನೇ ತಿಳಿಸಿ ಹೇಳಿದೆ. ಅಪ್ಪ ಒಳಗಿಂದ ಬಲೆ ತಂದು ಕಟ್ಟೆಯ ಮೇಲೆ ಬಿಚ್ಚಿದ. ಆಮೇಲೆ, 'ತೋಟಾ ಹಾಕಿದ್ರ ಮರಿ ಸೈತ ಉಳಿಯಂಗಿಲ್ಲ, ಯವ್ವಾ. ನನ್ನ ಕುಲ ಹೋದ್ರ ಹೋಗ್ಲಿ, ಅವು ಉಳೀಲಿ' ಎಂದ. ದೇವೀಂದ್ರಪ್ಪ ಕಾಕಾ ಬಂದು ಕೈಮುಗಿದು ಬೇಡವೆಂದ. ಇಬ್ಬರೂ ಒಂದೇ ದೋಣಿಯಲ್ಲಿ ಬೆಳೆದವರು. ಅಪ್ಪ ಅವನ ಮುಖ ನೋಡದೆ ಬಲೆ ಹೆಗಲಿಗೇರಿಸಿದ.

ಅವನು ನೀರಿಗಿಳಿಯುವ ಮೊದಲು ಗಂಗವ್ವನ ಕಲ್ಲಿಗೆ ಬೆನ್ನು ಮಾಡಿ ನಿಂತದ್ದನ್ನು ನಾನು ನೋಡಿದೆ. ನಮ್ಮ ಕೇರಿಯವರು ಯಾರೂ ದಂಡೆಗೆ ಬರಲಿಲ್ಲ. ಬಿಸಿಲೇರುವುದರೊಳಗೆ ಮೀನುಗಳನ್ನು ಹಿಡಿದ. ಒಂದರ ಹುರುಪೆ ಕೂಡ ಕೀಳದಂತೆ ಎರಡೂ ಕೈಯಲ್ಲಿ ಎತ್ತಿ, ನೀರು ತುಂಬಿದ ಡ್ರಮ್ಮುಗಳಿಗೆ ಬಿಟ್ಟ. ಟ್ಯಾಂಕರು ಇಷ್ಟರಲ್ಲಿ ಬರುತ್ತದೆಂದು ಹೇಳಿದರು.

ಬರಲಿಲ್ಲ. ಬಿಸಿಲಿಗೆ ಡ್ರಮ್ಮು ಕಾಯಿತು. ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ಅಪ್ಪ ತನ್ನ ಧೋತರ ಬಿಚ್ಚಿ ತೋಯಿಸಿ ಒಂದು ಡ್ರಮ್ಮಿಗೆ ಹೊದಿಸಿದ, ರುಮಾಲನ್ನು ಇನ್ನೊಂದಕ್ಕೆ. ಬರೀ ಲಂಗೋಟಿಯಲ್ಲಿ ಆ ಡ್ರಮ್ಮಿನಿಂದ ಈ ಡ್ರಮ್ಮಿಗೆ ಓಡುತ್ತ ಕೈಯಿಂದ ನೀರು ಕಲಕುತ್ತಿದ್ದ. 'ಮತ್ತ ಹೊಳಿಗಿ ಬಿಡ್ತೇನ್ರೀ' ಎಂದ. ಅಷ್ಟರಲ್ಲಿ ಪಂಪು ಹಚ್ಚಿದ್ದರು, ಮಡು ಕೆಸರಾಗಿತ್ತು. ಕೆಳಗಿನ ನೀರಿಗೆ ಒಯ್ಯುತ್ತೇನೆಂದು ಒಂದನ್ನು ಎತ್ತಿಕೊಂಡ. ಕಾವಲುಗಾರ ಅದನ್ನು ಕೈಯಿಂದ ಕಸಿದು, 'ಸರ್ಕಾರಿ ಮೀನ ಅದು, ಮುದುಕಾ. ಕಳ್ಳತನದ ಕೇಸ್ ಆಗ್ತದ' ಎಂದ.

ಟ್ಯಾಂಕರಿನ ಡ್ರೈವರ್ ಹಸನಸಾಬ ಬಂದಾಗ ಎಲ್ಲ ಹೊಟ್ಟೆ ಮೇಲಾಗಿದ್ದವು. ಅವನು ಡ್ರಮ್ಮುಗಳನ್ನು ನೋಡಿ ತಲೆ ಹಿಡಿದುಕೊಂಡು ಕೂತ. 'ನಾ ಏನ್ ಮಾಡ್ಲವ್ವಾ? ಮಂತ್ರಿ ಬರ್ತಾರ, ಕಾರಿಗೆ ಧೂಳ ಹಾರ್ತದ, ಮೊದಲ ರೋಡಿಗೆ ನೀರ ಹೊಡಿ ಅಂದ್ರು ಸಾಹೇಬ್ರು' ಎಂದ. ಯಾವ ಸಾಹೇಬರೆಂದು ನಾನು ಕೇಳಲಿಲ್ಲ. ನಿನ್ನ ಮನೆಯಲ್ಲೇ ಕೇಳಿ ನೋಡು.

ಮಂತ್ರಿಗಳ ಹಿಂದೆ ಬಂದ ಮಂದಿಗೆ ಊಟವಾಗಬೇಕಿತ್ತು. ಅಡುಗೆಯವರು ಬುಟ್ಟಿ ತಂದರು. ಸತ್ತ ಮೇಲೆ ಅವು ಸರ್ಕಾರಿ ಮೀನುಗಳಾಗಿ ಉಳಿಯಲಿಲ್ಲ. ಅಪ್ಪ ಲಂಗೋಟಿಯ ಮೇಲೆಯೇ ಮನೆಗೆ ನಡೆದು ಬಂದ. ಕೇರಿಯ ಬಾಗಿಲುಗಳೆಲ್ಲ ಮುಚ್ಚಿದ್ದವು.

ಸಾಬವ್ವ

---

ಬ್ಯಾರೇಜ್ ಕಾಲೋನಿ
೨೨ ಮೇ ೧೯೯೧

ಸಾಬಿ,

ಓದಿ ಬಹಳ ನೊಂದೆ. ಆ ದಿನ ಇವರಿಗೆ ಮೈಯೆಲ್ಲ ಕಣ್ಣಾಗಿರಬೇಕಿತ್ತು, ಮೇಲಿನವರೆಲ್ಲ ಬಂದಿದ್ದರು. ಇರುವುದು ಒಂದೇ ಟ್ಯಾಂಕರು. ಯಾರನ್ನೆಂದು ದೂರುವುದು?

ಒಂದು ಸಮಾಧಾನದ ಮಾತು: ಡ್ರಮ್ಮುಗಳ ತಳದಲ್ಲಿದ್ದ ಕೆಲವು ಮರಿಗಳು ಬದುಕಿದ್ದವು. ಅವನ್ನು ಸರ್ಕಾರಿ ಕೆರೆಗೆ ಬಿಟ್ಟಿದ್ದಾರೆ. ಅಲ್ಲೊಂದು ಬೋರ್ಡು ಹಾಕಿದ್ದಾರಂತೆ. ಮೀನಿನ ರಕ್ಷಣೆ ಮಾಡಿದ್ದಕ್ಕೆ ಇಲಾಖೆಯಿಂದ ಇವರಿಗೆ ಪ್ರಶಂಸೆಯ ಪತ್ರ ಬಂದಿದೆ. ಇವರು ಅದನ್ನು ಗೋಡೆಗೆ ಹಾಕಿಲ್ಲ, ಕಪಾಟಿನಲ್ಲಿಟ್ಟಿದ್ದಾರೆ. ಇದನ್ನು ನಿನಗೆ ಹೇಳಬೇಕೆನಿಸಿತು.

ಮಗು ಕೂರುತ್ತಿದೆ. ಅಪ್ಪನನ್ನು ಚೆನ್ನಾಗಿ ನೋಡಿಕೋ.

ಶಾರದಾ

---

ಹಿರೇಮಡು
೭ ನವೆಂಬರ್ ೧೯೯೧

ಶಾರದಾ,

ಅಪ್ಪ ತೀರಿಕೊಂಡ. ದೀಪಾವಳಿಯ ಹಿಂದಿನ ವಾರ.

ಮೀನು ಹಿಡಿದ ಮರುದಿನವೇ ಕುಲ ಕೂಡಿ ಅವನನ್ನು ಹೊರಗಿಟ್ಟಿತ್ತು. ನಮ್ಮ ಒಲೆಗೆ ಯಾರೂ ಕೆಂಡ ಕೊಡಲಿಲ್ಲ, ಅವ್ವನನ್ನು ನೀರಿನ ಸಾಲಿನಿಂದ ಎಬ್ಬಿಸಿದರು. ಗಂಗವ್ವನ ಪೂಜೆ ಬೇರೆಯವರಿಗೆ ಹೋಯಿತು. ಪೂಜೆ ಮಾಡಲು ಉಳಿದಿದ್ದು ಸಿಮೆಂಟಿನ ಪಕ್ಕ ಒಂದು ಕಲ್ಲು, ಅಷ್ಟೇ. ಮೀನುಗಳನ್ನು ತಿಂದವರನ್ನು ಕುಲ ಕೇಳಲಿಲ್ಲ, ಟ್ಯಾಂಕರು ತಡೆದವರನ್ನು ಕೇಳಲಿಲ್ಲ. ಅವರನ್ನು ಕೇಳುವ ಶಕ್ತಿ ನಮ್ಮಲ್ಲಿ ಯಾರಿಗಿತ್ತು? ಕೈಗೆ ಸಿಕ್ಕವನು ಅಪ್ಪನೊಬ್ಬನೇ. ಅವನೂ ಎದುರಾಡಲಿಲ್ಲ. ಶಾಲೆಯ ಅಂಗಳದಲ್ಲಿ ಸಾಹೇಬರ ಮುಂದೆ ತಾನೇ ಎತ್ತಿ ಹೇಳಿದ ಕಟ್ಟಳೆ ಅದು.

ಜ್ವರ ಬಂದು ಮಲಗಿದವನು ಏಳಲಿಲ್ಲ. ಮುಂಜಾನೆ ಪ್ರಾಣ ಹೋಯಿತು. ಮರುದಿನ ಹೊತ್ತು ನೆತ್ತಿಗೆ ಬಂದರೂ ಒಬ್ಬರೂ ಬರಲಿಲ್ಲ. ನಾನು ಮನೆಮನೆಗೆ ಹೋಗಿ ಸೆರಗೊಡ್ಡಿದೆ. ಕೊನೆಗೆ ದೇವೀಂದ್ರಪ್ಪ ಕಾಕಾ ನಮ್ಮ ಅಂಗಳಕ್ಕೆ ಬಂದು ದೂರ ನಿಂತ.

'ಮಗಳ ಬಾಯಿಂದ ಬರ್ಲಿ' ಎಂದ. 'ನಮ್ಮಪ್ಪ ಕುಲಗೇಡಿ, ಗಂಗವ್ವನ ಮಕ್ಕಳನ್ನ ಕೊಂದಾಂವ ಅಂತ ಎಲ್ಲಾರ ಮುಂದ ಅನ್ಲಿ. ಆಮ್ಯಾಲ ನಾವು ಹೊರ್ತೀವಿ.'

'ಕಾಕಾ, ಅಂವ ಉಳಸಾಕ ಹೋಗಿದ್ದ. ನಿನಗ ಗೊತ್ತದ' ಎಂದೆ.

'ಗೊತ್ತದ, ಯವ್ವಾ. ಆದರ ಇವತ್ತ ನಾ ಬಿಟ್ಟರ ನಾಳೆ ನಮ್ಮಲ್ಲಿ ಕುಲ ಅನ್ನೂದು ಏನ್ ಉಳೀತದ? ಹೊಳಿ ಹೋತು, ಮೀನ ಹೋತು. ಇದೊಂದ ಅದ ನಮ್ಮ ಕೈಯಾಗ.'

ಹೆಣ ಊದತೊಡಗಿತ್ತು. ನೊಣಗಳನ್ನು ಅವ್ವ ಸೆರಗಿನಿಂದ ಹೊಡೆಯುತ್ತಿದ್ದಳು. ನಾನು ಅಂಗಳದ ನಡುವೆ ನಿಂತು ಆ ಮಾತು ಅಂದೆ. ಸರಿಯಾಗಿ ಕೇಳಿಸಲಿಲ್ಲವೆಂದು ಹಿಂದಿನಿಂದ ಯಾರೋ ಅಂದರು. ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲಿ ಇನ್ನೊಮ್ಮೆ ಅಂದೆ. ನನ್ನ ಶಾಲೆಯ ಮಕ್ಕಳೂ ನಿಂತಿದ್ದರು.

ಆಮೇಲೆ ಹೊತ್ತರು. ದೇವೀಂದ್ರಪ್ಪ ಕಾಕಾ ಮುಂದಿನ ಹೆಗಲು ಕೊಟ್ಟು ಮಣ್ಣಿನವರೆಗೂ ದನಿ ತೆಗೆದು ಅತ್ತ. ನಾನು ಅಳಲಿಲ್ಲ. ಅವ್ವ ಆವತ್ತಿನಿಂದ ನನ್ನ ಜೊತೆ ಮಾತಾಡಿಲ್ಲ.

ಇದನ್ನು ನಿನಗೆ ಯಾಕೆ ಬರೆಯುತ್ತಿದ್ದೇನೋ ತಿಳಿಯದು. ಬರೆಯಲು ನನಗೆ ಬೇರೆ ಯಾರೂ ಇಲ್ಲ.

ಸಾಬವ್ವ

---

ಬ್ಯಾರೇಜ್ ಕಾಲೋನಿ
೧೬ ಫೆಬ್ರವರಿ ೧೯೯೨

ಸಾಬಿ,

ಅಪ್ಪನ ಸುದ್ದಿ ಓದಿ ಆ ದಿನ ಒಲೆ ಹಚ್ಚಲಿಲ್ಲ. ಬರೆಯಲು ಎಷ್ಟೋ ಸಲ ಕೂತೆ. ಹಳೆಯದನ್ನು ಕೆದಕಿದರೆ ಯಾರಿಗೆ ಸುಖ ಎಂದು ಹಾಳೆ ಹರಿದು ಹಾಕಿದೆ.

ನಿನ್ನ ಪ್ರಮಾಣಪತ್ರ ರದ್ದಾಗಿ ನೌಕರಿಯಿಂದ ತೆಗೆದರೆಂದು ಇವರು ಹೇಳಿದರು. ನಿಮ್ಮ ಕೇರಿಯನ್ನು ಮಳೆಗಾಲಕ್ಕೆ ಮೊದಲು ಖಾಲಿ ಮಾಡಬೇಕಂತೆ, ಗೇಟು ಇಳಿಸುತ್ತಾರಂತೆ. ನಿನ್ನನ್ನೂ ಅವ್ವನನ್ನೂ ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ಇವರಿಗೆ ಗಂಟುಬಿದ್ದು ಒಂದು ದಾರಿ ಮಾಡಿದ್ದೇನೆ. ಇಲ್ಲಿ ಹೊಸ ಬಂಗಲೆ ಕಟ್ಟಿದ್ದಾರೆ, ಬ್ಯಾರೇಜು ನೋಡಲು ಬರುವ ಸಾಹೇಬರುಗಳಿಗಾಗಿ. ಅಲ್ಲಿ ಅಡುಗೆಗೆ ಒಬ್ಬ ಹೆಂಗಸು ಬೇಕು. ಹಿಂದುಗಡೆ ಒಂದು ಖೋಲಿಯೂ ಸಿಗುತ್ತದೆ, ಅವ್ವನೂ ಇರಬಹುದು. ಇವರು ಈಗ ಬಡ್ತಿ ಸಿಕ್ಕು ಇಲ್ಲಿಯೇ ದೊಡ್ಡ ಸಾಹೇಬರಾಗಿದ್ದಾರೆ, ಇವರ ಮಾತಿಗೆ ಯಾರೂ ಅಡ್ಡ ಬರುವುದಿಲ್ಲ.

ಬಂದವರು ಹೊಳೆಯ ಮೀನು ಕೇಳುತ್ತಾರೆ. ನಮ್ಮಂಥವರ ಮನೆಯಲ್ಲಿ ಅದು ನಡೆಯುವುದಿಲ್ಲ, ನಿನಗೆ ಗೊತ್ತಲ್ಲ. ಬಂಗಲೆಯಲ್ಲಿ ಮಾಡಬೇಕಾಗುತ್ತದೆ. ನಿನಗೆ ಆ ಅಡುಗೆ ಬರುತ್ತದೆ ತಾನೆ?

ಇನ್ನೊಂದು ಮಾತು, ಇದು ಇವರದು. ಕೆಲಸಕ್ಕೆ ಬಂದಮೇಲೆ ಕಾಲೋನಿಯ ಮಂದಿಯ ಮುಂದೆ ಸಲಿಗೆಯ ಮಾತು ಬೇಡವಂತೆ. ನಮ್ಮಿಬ್ಬರ ನಡುವೆ ಅದೆಲ್ಲ ಏನಿದೆ? ಒಳಗೆ ನೀನು ನನ್ನ ಸಾಬಿಯೇ.

ಬೇಗ ತಿಳಿಸು. ಬೇರೆಯವರೂ ಕೇಳುತ್ತಿದ್ದಾರೆ.

ನಿನ್ನ
ಶಾರದಾ

---

ಹಿರೇಮಡು
೨ ಮಾರ್ಚ್ ೧೯೯೨

ಮಾನ್ಯ ಶಾರದಾಬಾಯಿಯವರಿಗೆ,

ತಮ್ಮ ಪತ್ರ ತಲುಪಿತು. ಹೋಳಿಹುಣ್ಣಿಮೆ ಮುಗಿದ ಮೇಲೆ ಕೆಲಸಕ್ಕೆ ಬರುತ್ತೇನೆ. ಜೊತೆಗೆ ತಾಯಿ ಇರುತ್ತಾಳೆ. ಅವಳಿಗೆ ಕಣ್ಣು ಮಂಜಾಗಿದೆ, ಯಾರಿಗೂ ತೊಂದರೆ ಕೊಡುವುದಿಲ್ಲ, ಮಾತಾಡುವುದೂ ಇಲ್ಲ.

ಸಾಹೇಬರ ಮಾತು ಸರಿಯಾಗಿದೆ. ಅದು ಒಳಗೂ ಹೊರಗೂ ಒಂದೇ ಆಗಿದ್ದರೆ ನನಗೆ ಅನುಕೂಲ. ತಾವು ನನ್ನನ್ನು ಸಾಬವ್ವ ಎಂದೇ ಕರೆಯಬೇಕು. ಹಿಂದೆ ನಾನು ತಮಗೊಂದು ಪ್ರಶ್ನೆ ಕೇಳಿದ್ದೆ. ಅದಕ್ಕೆ ಇನ್ನು ಉತ್ತರ ಬೇಕಾಗಿಲ್ಲ. ಆಳಾದವಳು ಕೇಳುವ ಮಾತಲ್ಲ ಅದು.

ಮೀನಿನ ಅಡುಗೆ ಬರುತ್ತದೆಯೇ ಎಂದು ಕೇಳಿದ್ದೀರಿ. ಬರುತ್ತದೆ. ಬೇಕಾದ ದಿನ ಮುಂಜಾನೆಯೇ ಹೇಳಿ ಕಳಿಸಿದರೆ ಸಾಕು. ಮುಳ್ಳೆಲ್ಲ ಬಿಡಿಸಿ, ಸಾಹೇಬರಿಗೆ ಗಂಟಲಲ್ಲಿ ಸಿಕ್ಕದಂತೆ ಮಾಡಿಕೊಡುತ್ತೇನೆ.

ತಮ್ಮ ಆಜ್ಞಾಧಾರಕಳು
ಸಾಬವ್ವ